ಒಂದೂವರೆ ಊರು

ಭಿನ್ನರಾಶಿಗೂ ನನಗೂ ಮೊದಲಿನಿಂದಲೂ ಆಗಿಬರದು. ಶಾಲೆಯಲ್ಲಿ ಹೇಗೋ ತಪ್ಪಿಸಿಕೊಂಡಿದ್ದೆ. ಮಗಳು ಹೈಸ್ಕೂಲು ಸೇರಿದ ಮೇಲೆ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯಲು ಹೊರಟಾಗ ಅದು ಮತ್ತೆ ಬಂದು ಎದುರು ನಿಂತಿತು. ಬಬ್ಬೂರಿನಲ್ಲಿ ಬೇರೆಯವರ ಹೊಲಗಳಲ್ಲಿ ದಿನಗೂಲಿಗೆ ಕಳೆ ಕೀಳುತ್ತಿದ್ದ ನನಗೆ ಒಂದು ಕುರ್ಚಿ, ತಲೆ ಮೇಲೊಂದು ಫ್ಯಾನು, ತಿಂಗಳ ಸಂಬಳ ಬೇಕಿತ್ತು. ವಯೋಮಿತಿಯ ಪ್ರಕಾರ ಆ ವರ್ಷವೇ ಕೊನೆ. ತಪ್ಪಿದರೆ ಮುಂದೆಯೂ ಕಳೆಯೇ ಗತಿ.

ಇತಿಹಾಸ, ಭೂಗೋಳ, ವ್ಯಾಕರಣ ಎಲ್ಲ ಓದಿದರೆ ತಲೆಗೆ ಹತ್ತುತ್ತಿದ್ದವು. ಹತ್ತದೇ ಇದ್ದದ್ದು ಒಂದೇ ಬಗೆಯ ಲೆಕ್ಕ. ಗೈಡಿನಲ್ಲಿ ಅದು ಹೀಗಿತ್ತು: ಒಂದು ಊರಿನ ಮೂರನೇ ಎರಡರಷ್ಟು ಮನೆಗಳಲ್ಲಿ ಕುರಿಗಳಿವೆ, ನಾಲ್ಕನೇ ಮೂರರಷ್ಟು ಮನೆಗಳಿಗೆ ಹೊಲವಿದೆ, ಹನ್ನೆರಡನೇ ಒಂದರಷ್ಟು ಮನೆಗಳಿಗೆ ಎರಡೂ ಇಲ್ಲ. ಎರಡೂ ಇರುವ ಮನೆಗಳು ಅರವತ್ತಾದರೆ ಊರಿನ ಒಟ್ಟು ಮನೆಗಳೆಷ್ಟು?

ನಾನು ಮೂರು ಭಿನ್ನರಾಶಿಗಳನ್ನೂ ಕೂಡಿಸುತ್ತಿದ್ದೆ. ಒಂದೂವರೆ ಬರುತ್ತಿತ್ತು. ಒಂದು ಊರು ಒಂದೂವರೆ ಊರಾಗುವುದು ಹೇಗೆ? ಮತ್ತೆ ಕೂಡಿಸಿದರೂ ಅದೇ. ಆ ಗೈಡು ಬರೆದವನು ಎದುರಿಗೆ ಸಿಕ್ಕಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ನನ್ನ ಗಂಡ ಹಿರಿಯೂರಿನಲ್ಲಿ ತೆಂಗಿನಕಾಯಿ ಸಾಗಿಸುವ ಲಗೇಜು ಆಟೋ ಓಡಿಸುತ್ತಾನೆ. ಊಟಕ್ಕೆ ಕೂತವನು ನನ್ನ ಲೆಕ್ಕವನ್ನೊಮ್ಮೆ ಇಣುಕಿ ನೋಡಿದ.

"ಒಂದೂವರೆ ಊರಾ? ಹಬ್ಬಕ್ಕೆ ಬಂದಿರೋ ನೆಂಟ್ರನ್ನೂ ಸೇರ್ಸಿದೀಯ ನೋಡು."

ಮೈಯೆಲ್ಲ ಉರಿದುಹೋಯಿತು. ಮುದ್ದೆಗೆ ಇನ್ನೊಂದು ಸೌಟು ಸಾರು ಕೇಳಿದಾಗ ಎದ್ದು ಬಡಿಸಿಕೋ ಎಂದೆ.

ಭಾನುವಾರಗಳಂದು ಹಿರಿಯೂರಿನ ಒಂದು ಅಂಗಡಿಯ ಮಹಡಿಯಲ್ಲಿ ಮೇಷ್ಟ್ರೊಬ್ಬರು ನಮ್ಮಂಥವರಿಗೆ ಪಾಠ ಹೇಳುತ್ತಿದ್ದರು. ಬೋರ್ಡಿನ ಮೇಲೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಬಳೆಗಳಂತೆ ವೃತ್ತ ಬರೆದು ತೋರಿಸಿದರು. ಬಳೆ ಕಂಡಿತು, ಲೆಕ್ಕ ಕಾಣಲಿಲ್ಲ. ಪಕ್ಕದಲ್ಲಿದ್ದವರಿಗೂ ಕಂಡಂತಿರಲಿಲ್ಲ. ಕೊನೆಗೆ ಅವರು ಸೀಮೆಸುಣ್ಣ ಕೆಳಗಿಟ್ಟರು.

"ಪುಸ್ತಕ ಬಿಡ್ರಿ. ನಿಮ್ಮನ್ನೇ ಲೆಕ್ಕ ಹಾಕಾಣ. ಮನೇಲಿ ಕುರಿ ಇರೋರು ಕೈ ಎತ್ರಿ."

ನಾನೂ ಎತ್ತಿದೆ, ಅರ್ಧ ಕೋಣೆಯೇ ಎತ್ತಿತು. ಎಣಿಸಿ ಬರೆದುಕೊಂಡರು.

"ಈಗ ಹೊಲ ಇರೋರು."

ಉಳಿದವರು ಎತ್ತಿದರು. ಕುರಿಯವರು ಒಬ್ಬರೂ ಎತ್ತಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿದರು.

"ಯಾಕಮ್ಮ, ನಿಮಗೆ ಹೊಲ ಇಲ್ವಾ?"

"ಐತೆ ಸಾರ್, ಒಂದು ತುಂಡು. ಆಗ್ಲೇ ಒಂದ್ಸಲ ಕೈ ಎತ್ತಿದ್ನಲ್ಲ."

ಹಿಂದಿನಿಂದ ಎಲ್ಲರೂ ಹೌದು ಹೌದು ಎಂದರು. ಮೇಷ್ಟ್ರು ಕುರ್ಚಿಯ ಮೇಲೆ ಕೂತು ನೀರು ಕುಡಿದರು. ನಮ್ಮ ತಪ್ಪೇನು? ಶಾಲೆಯಲ್ಲಿ ಬಾವುಟದ ದಿನ ಮಿಠಾಯಿ ಹಂಚುವಾಗ, ಪುಸ್ತಕ ಹಂಚುವಾಗ ಎರಡನೇ ಸಲ ಕೈ ಎತ್ತಿದವರಿಗೆ ಬೆತ್ತದ ಏಟು ಬೀಳುತ್ತಿತ್ತು. ಮನೆಯಲ್ಲೂ ಅದೇ ಪಾಠ. ಒಂದು ಸಲ ಸಿಕ್ಕಿತೋ, ಕೈ ಮಡಚಿಕೊಂಡು ಕೂರಬೇಕು. ಎರಡು ಸಲ ಎತ್ತುವವರು ಆಸೆಬುರುಕರು.

"ನಾನೇನು ಹಂಚ್ತಾ ಇದೀನೇನ್ರಮ್ಮ ಇಲ್ಲಿ?" ಎಂದರು ಮೇಷ್ಟ್ರು. "ಎರಡೂ ಇರೋರು ಎರಡು ಸಲಾನೂ ಎತ್ತಬೇಕು. ಆಗ ತಲೆಗಿಂತ ಕೈ ಜಾಸ್ತಿ ಬರ್ತವೆ. ಎಷ್ಟು ಜಾಸ್ತಿ ಬಂದ್ವೋ ಅಷ್ಟು ಜನಕ್ಕೆ ಎರಡೂ ಐತೆ ಅಂತ."

ಆಗ ಹೊಳೆಯಿತು. ನನ್ನ ಒಂದೂವರೆ ತಪ್ಪಾಗಿರಲೇ ಇಲ್ಲ. ಹೆಚ್ಚಿಗೆ ಬಂದ ಅರ್ಧವೇ ಎರಡೂ ಇರುವ ಮನೆಗಳು. ಅರ್ಧ ಊರು ಅರವತ್ತು, ಇಡೀ ಊರು ನೂರಿಪ್ಪತ್ತು. ಖುಷಿಯಾಗಬೇಕಿತ್ತು, ನನಗೆ ಬಂದದ್ದು ಸಿಟ್ಟೇ. ಉತ್ತರವನ್ನು ಕೈಯಲ್ಲೇ ಹಿಡಿದುಕೊಂಡು ಇಷ್ಟು ದಿನ ಅಳಿಸಿ ಅಳಿಸಿ ಹಾಳೆ ಹರಿದಿದ್ದೆನಲ್ಲ.

ಪರೀಕ್ಷೆ ಚಿತ್ರದುರ್ಗದಲ್ಲಿತ್ತು. ಮೊದಲ ಬಸ್ಸಿಗೇ ಹೋದೆ. ಪ್ರಶ್ನೆಪತ್ರಿಕೆಯ ನಡುವೆ ಅದೇ ಲೆಕ್ಕ ಕೂತಿತ್ತು. ಕುರಿ, ಹೊಲದ ಬದಲು ಟೀ, ಕಾಫಿ. ಐದನೇ ಮೂರು, ಏಳನೇ ನಾಲ್ಕು ಎಂದು ಅಂಕಿಗಳನ್ನು ಬೇಕೆಂದೇ ವಕ್ರ ಮಾಡಿದ್ದರು. ಮಾಡಿದೆ. ಉತ್ತರ ಬಂತು, ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಅದೂ ಇತ್ತು. ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕಿತ್ತು. ಆದರೆ ಆ ಲೆಕ್ಕದ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಇಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ ಅದು. ವೃತ್ತ ಬರೆದು ಇನ್ನೊಮ್ಮೆ ಮಾಡಿದೆ. ಉತ್ತರದಿಂದ ಹಿಂದಕ್ಕೆ ಬಂದು ತಾಳೆ ನೋಡಿದೆ. ಎಲ್ಲೋ ಏನೋ ಬಿಟ್ಟಿದ್ದೇನೆ ಎನ್ನಿಸಿ ಮೊದಲಿನಿಂದ ಮತ್ತೆ ಶುರು ಮಾಡಿದೆ. ಗಂಟೆ ಬಾರಿಸಿದಾಗ ಕೊನೆಯ ಪುಟವನ್ನು ತಿರುವಿಯೇ ಇರಲಿಲ್ಲ.

"ಪೆನ್ನು ಕೆಳಗಿಡ್ರಿ," ಎಂದು ಮೇಲ್ವಿಚಾರಕಿ ಉತ್ತರ ಪತ್ರಿಕೆಯನ್ನು ಎಳೆದುಕೊಂಡರು.

ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಸರಿಯುತ್ತರಗಳನ್ನು ಮಗಳ ಮೊಬೈಲಿನಲ್ಲಿ ನೋಡಿದೆ. ಟೀ, ಕಾಫಿಯ ಲೆಕ್ಕ ಸರಿಯಾಗಿತ್ತು.

"ಅದೊಂದಾದ್ರೂ ಗೆದ್ಯಲ್ಲ ಬಿಡು," ಎಂದ ಗಂಡ, ಸಮಾಧಾನ ಮಾಡಲೆಂದೇ.

ಅಲ್ಲಿಯವರೆಗೆ ಅಳು ತಡೆದುಕೊಂಡಿದ್ದೆ. ಪ್ರಶ್ನೆಪತ್ರಿಕೆ ತೆಗೆದು, ನಾನು ನೋಡದೇ ಬಿಟ್ಟಿದ್ದ ಕೊನೆಯ ಪುಟವನ್ನು ಅವನ ಮುಂದೆ ಹಿಡಿದೆ. ಹೆಚ್ಚಿನವೆಲ್ಲ ನನಗೆ ಬರುತ್ತಿದ್ದವೇ. ಮೊದಲನೆಯದು, ನಮ್ಮ ಹಿರಿಯೂರಿನಲ್ಲೇ ಹರಿಯುವ ವೇದಾವತಿ ಯಾವ ನದಿಯನ್ನು ಸೇರುತ್ತದೆ ಎಂದು ಕೇಳಿತ್ತು.