ನಾನು ಹತ್ತದ ಹಡಗು

ಉಪ್ಪಿಟ್ಟನ್ನು ಫೋರ್ಕಿನಿಂದ ತಿನ್ನುವ ಸನ್ಯಾಸಿಯನ್ನು ನೀವು ನೋಡಿರಲಾರಿರಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಸವನಗುಡಿಯ ನಮ್ಮ ಆಶ್ರಮದಲ್ಲಿ ನಾನು ಹಾಗೆ ತಿನ್ನುತ್ತಿದ್ದೆ. ವೇದಾಂತ ಬೋಧಿಸಲು ಅಮೆರಿಕೆಗೆ ಹೋಗಬೇಕಿತ್ತಲ್ಲ, ಅದರ ತಾಲೀಮು. ನನ್ನ ಜೊತೆಯಲ್ಲೇ ದೀಕ್ಷೆ ಪಡೆದ ಗೆಳೆಯ ಆಗಲೇ ಅಲ್ಲಿಗೆ ಹೋಗಿದ್ದ. ಹೊರಟ ದಿನ ನನ್ನ ಭುಜ ಹಿಡಿದು, "ಆರು ತಿಂಗಳು ತಡ್ಕೊ. ನಿನ್ನ ಕರೆಸ್ಕೊಳ್ದೆ ಇರಲ್ಲ" ಅಂದಿದ್ದ.

ಕಾದೆ. ಸನ್ಯಾಸಿಗೆ ಆಸೆ ಇರಬಾರದು ಎಂದು ಬೆಳಿಗ್ಗೆ ಪಾಠ ಹೇಳಿ, ಸಂಜೆ ಲಾಲ್‌ಬಾಗಿನ ಮರಗಳ ಮುಂದೆ ನಿಂತು ಇಂಗ್ಲಿಷ್ ಉಪನ್ಯಾಸ ಒಪ್ಪಿಸುತ್ತಿದ್ದೆ. ಎರಡು ವರ್ಷ ಕಳೆಯಿತು. ಆಮೇಲೊಂದು ದಿನ, ನನಗಿಂತ ಕಿರಿಯ ಸ್ವಾಮಿಯೊಬ್ಬರಿಗೆ ಪಾಸ್‌ಪೋರ್ಟ್ ಮಾಡಿಸುತ್ತಿದ್ದಾರೆಂದು ಗೊತ್ತಾಯಿತು. ಹಿರಿಯ ಸ್ವಾಮಿಗಳ ಮುಂದೆ ಹೋಗಿ ನಿಂತೆ. ಅವರು ತಮಗೆ ಬಂದಿದ್ದ ಗೆಳೆಯನ ಕಾಗದವನ್ನು ನನ್ನ ಕೈಗಿತ್ತರು. 'ಅವರ ಮನಸ್ಸು ಇನ್ನೂ ತಾಯಿಯಲ್ಲೇ ಇದೆ. ಬೇರೆಯವರನ್ನು ಕಳುಹಿಸಿಕೊಡಿ' ಎಂದು ನನ್ನ ಬಗ್ಗೆ ಬರೆದಿದ್ದ.

ಮೈಯೆಲ್ಲ ಉರಿದುಹೋಯಿತು. ವಿಧವೆ ತಾಯಿಯ ಚಿಂತೆ ಕಾಡುತ್ತದೆ ಎಂದು ನಾನು ಹೇಳಿಕೊಂಡದ್ದು ಅವನೊಬ್ಬನ ಹತ್ತಿರ. ಏಕಾದಶಿಯ ಮರುದಿನ ಚಾಮರಾಜಪೇಟೆಯ ಅಮ್ಮನ ಮನೆಗೆ ಭಿಕ್ಷೆಗೆ ಹೋಗುವಾಗ ಅವನೂ ಜೊತೆಗಿರುತ್ತಿದ್ದ. ಅವಳು ಮಾಡಿದ ಹುಳಿಯನ್ನು ಎರಡೆರಡು ಸಲ ಬಡಿಸಿಕೊಂಡು ಉಂಡವನು!

ಅಂದೇ ಅಲ್ಲಿಗೆ ನಡೆದೆ. ಅಮ್ಮ ಚಾಪೆ ಹಾಸಿ, "ಬನ್ನಿ ಸ್ವಾಮಿಗಳೇ" ಅಂದಳು. ದೀಕ್ಷೆಯಾದಂದಿನಿಂದ ಮಗನಿಗೂ ಬಹುವಚನವೇ. ನಾನು ಕೂರಲಿಲ್ಲ. ಕಾಗದದ ವಿಷಯ ಹೇಳಿ ಅವನನ್ನು ಬಾಯಿಗೆ ಬಂದಂತೆ ಬೈದೆ, ದ್ರೋಹಿ ಎಂದೆ. ಅಮ್ಮ ಸೆರಗು ಹಿಡಿದುಕೊಂಡು ಕೇಳುತ್ತಿದ್ದಳು.

"ಅವನ್ನ ಬೈಬೇಡಪ್ಪಾ" ಅಂದಳು. "ಹೊರಡೋ ಹಿಂದಿನ ದಿನ ಒಬ್ಬನೇ ಬಂದಿದ್ದ, ಹೇಳಿ ಹೋಗೋಕೆ. ನಾನೇ ಕೈ ಹಿಡ್ಕೊಂಡು ಬೇಡ್ಕೊಂಡೆ, ನನ್ನ ಮಗನ್ನ ಸಮುದ್ರ ದಾಟಿಸ್ಬೇಡ ಅಂತ. ದೇವರ ದೀಪದ ಮುಂದೆ ಆಣೆ ಹಾಕಿಸ್ಕೊಂಡೆ."

ಅಂದರೆ ನನ್ನ ಭುಜ ಹಿಡಿದು ಮಾತು ಕೊಟ್ಟಾಗಲೇ ಅವನು ಇವಳಿಗೆ ಆಣೆ ಮಾಡಿಯಾಗಿತ್ತು. ಈ ಎರಡು ವರ್ಷವೂ ಅನ್ನ ಬಡಿಸುತ್ತಾ, "ಅಮೆರಿಕದಿಂದ ಕಾಗದ ಬಂತಾ?" ಎಂದು ನನ್ನನ್ನು ಕೇಳುತ್ತಿದ್ದವಳೂ ಇವಳೇ. ಗೆಳೆಯನ ಮೇಲಿನ ಸಿಟ್ಟು ಕಾಲಕ್ರಮದಲ್ಲಿ ತಣ್ಣಗಾಯಿತು. ಈ ಪ್ರಶ್ನೆಯನ್ನು ಮಾತ್ರ ನನ್ನಿಂದ ಕ್ಷಮಿಸಲಾಗಿಲ್ಲ.

ಸನ್ಯಾಸಿಯಾದವನು ಹೆತ್ತ ತಂದೆಗೂ ನಮಸ್ಕರಿಸಬೇಕಿಲ್ಲ. ತಾಯಿಗೆ ಮಾತ್ರ ಎರಗಬೇಕು ಎನ್ನುತ್ತದೆ ನಮ್ಮ ಸಂಪ್ರದಾಯ. ಪ್ರತಿ ಸಲವೂ ಹಾಗೇ ಮಾಡಿ ಹೊರಡುತ್ತಿದ್ದೆ. ಅಂದೂ ಅಮ್ಮ ಬಾಗಿಲವರೆಗೆ ಬಂದು, ಪಾದ ಜೋಡಿಸಿಕೊಂಡು ನಿಂತಳು. ನಾನು ಬೀದಿಗಿಳಿದು ನಡೆದುಬಿಟ್ಟೆ.