ನಿದ್ದೆಗೂಸು

ಅಜ್ರೂ ಪೇಟೆಯ ಹೆಂಗಸರ ಹಮಾಮಿನಲ್ಲಿ, ಅಂದರೆ ಊರೊಟ್ಟಿನ ಬಿಸಿನೀರ ಸ್ನಾನದ ಮನೆಯಲ್ಲಿ, ಇಟ್ಟೊ ಉಜ್ಜದ ಬೆನ್ನಿಲ್ಲ. ಮದುಮಗಳ ಬೆನ್ನು, ಬಾಣಂತಿಯ ಬೆನ್ನು, ಸೊಸೆಯನ್ನು ಅಳಿಸಿ ಬಂದ ಅತ್ತೆಯ ಬೆನ್ನು, ಯಾವುದಾದರೂ ಅವಳ ಒರಟು ಬಟ್ಟೆಗೆ ಒಂದೇ. ಕೊಂಚ ವ್ಯತ್ಯಾಸವಿತ್ತೆನ್ನಿ, ಅತ್ತೆಯಂದಿರ ಬೆನ್ನನ್ನು ಚರ್ಮ ಕೆಂಪಾಗುವವರೆಗೆ ತಿಕ್ಕುತ್ತಿದ್ದಳು. ಯಾರು ಬಸಿರು ಎಂಬುದು ಗಂಡನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. "ಬಿಸಿ ನೀರು ಜಾಸ್ತಿ ಹುಯ್ಕೋಬೇಡ ಕಣೇ, ಒಳಗೊಬ್ಬ ಇದಾನೆ" ಎಂದು ಅವಳು ಕಿವಿಯಲ್ಲಿ ಹೇಳಿದಾಗಲೇ ಎಷ್ಟೋ ಹುಡುಗಿಯರಿಗೆ ತಮ್ಮ ಸುದ್ದಿ ಗೊತ್ತಾದದ್ದುಂಟು.

ಅವಳ ಹೊಟ್ಟೆಯಲ್ಲೂ ಒಬ್ಬನಿದ್ದ. ಇಪ್ಪತ್ತೇಳು ವರ್ಷದಿಂದ ಇದ್ದ. ನಿದ್ದೆ ಮಾಡುತ್ತಿದ್ದ.

ನಮ್ಮ ಕಡೆ ಇದಕ್ಕೆ ನಿದ್ದೆಗೂಸು ಎನ್ನುತ್ತೇವೆ. ಹೊಟ್ಟೆಯಲ್ಲಿ ನಿಂತ ಕೂಸು ಬೆಳೆಯುವುದನ್ನು ಬಿಟ್ಟು ಮಲಗಿಬಿಡುತ್ತದೆ. ತಾಯಿಗೆ ದುಃಖವಾದರೆ ಮಲಗುತ್ತದೆ, ತಂದೆ ದೂರ ಹೋದರೆ ಮಲಗುತ್ತದೆ, ಎಚ್ಚರವಾದಾಗ ಮತ್ತೆ ಬೆಳೆದು ಹುಟ್ಟುತ್ತದೆ. ನಗುವವರು ನಗಲಿ. ಬಸಿರು ನಾಲ್ಕೈದು ವರ್ಷ ಇರಬಹುದೆಂದು ಹಳೆಯ ಇಸ್ಲಾಮಿ ಧರ್ಮಶಾಸ್ತ್ರದ ಪಂಡಿತರೇ ಬರೆದಿಟ್ಟಿದ್ದಾರೆ. ನಮ್ಮ ಅಜ್ಜಿಯರು ಅದಕ್ಕೆ ಇನ್ನೊಂದಿಷ್ಟು ವರ್ಷ ಸೇರಿಸಿಕೊಂಡರು, ಅಷ್ಟೆ.

ಇಟ್ಟೊಳ ಗಂಡ ಜಾಯಿದ್ ಮದುವೆಯ ಮರುವರ್ಷ ಫ್ರಾನ್ಸಿನ ಕಲ್ಲಿದ್ದಲ ಗಣಿಗೆ ಹೊರಟ. ಆ ತಿಂಗಳು ಅವಳು ಮುಟ್ಟಾಗಿರಲಿಲ್ಲ. ಅತ್ತೆ ಮೊದಲು ಕುಣಿದಾಡಿದಳು, ಆಮೇಲೆ ಯೋಚನೆಗೆ ಬಿದ್ದಳು. "ಅಪ್ಪ ಊರಲ್ಲಿಲ್ದಾಗ ಮಗು ಹುಟ್ಟೋದು ಬೇಡ. ಅವನು ಬರೋಗಂಟ ಮಲಗಿರ್ಲಿ" ಎಂದು ಮಸೀದಿಯ ಗುರುವಿನಿಂದ ತಾಯಿತ ಬರೆಸಿ ಸೊಸೆಯ ಸೊಂಟಕ್ಕೆ ಕಟ್ಟಿದಳು. ಕೆಲವು ವಾರ ಕಳೆದು ಮುಟ್ಟು ಬಂತು. "ನೋಡಿದ್ಯಾ, ಮಲಗ್ತು" ಎಂದಳು ಅತ್ತೆ. ಜಾಯಿದ್ ರಜೆಗೆ ಬಂದಾಗ ತಾಯಿತ ಬಿಚ್ಚಿ ನೀರಿಗೆ ಬಿಟ್ಟರು. ಕೂಸು ಏಳಲಿಲ್ಲ.

ಏಳದಿದ್ದರೂ ಅದು ಅವಳ ಮಾನ ಕಾಯಿತು. ಬೇರೆ ಹೆಂಗಸಾಗಿದ್ದರೆ ಬಂಜೆ ಎಂಬ ಮಾತು ಬಾಗಿಲಿಗೆ ಬಂದು ಕೂರುತ್ತಿತ್ತು. ಇಟ್ಟೊಳನ್ನು ಯಾರೂ ಹಾಗೆ ಅನ್ನುವಂತಿರಲಿಲ್ಲ, ಅವಳು ಬಸುರಿ. ಗಣಿ ಕೆಲಸ ಬಿಟ್ಟು ಬಂದು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ ಜಾಯಿದ್‌ಗೆ ಅಣ್ಣಂದಿರು ಇನ್ನೊಂದು ಹೆಣ್ಣು ನೋಡಿದಾಗ ಅವನು ಗಂಭೀರವಾಗಿಯೇ ಹೇಳಿದ್ದ: "ನನ್ ಮಗು ಅವಳ ಹೊಟ್ಟೇಲಿದೆ. ನಾಳೆ ಅದು ಎದ್ದು, ಅಪ್ಪಾ ಇವಳ್ಯಾರು ಅಂದ್ರೆ ಏನಂತ ಹೇಳ್ಲಿ?" ಅಣ್ಣಂದಿರು ಆ ಹೆಣ್ಣಿನ ಮಾತು ಬಿಟ್ಟರು.

ಇಟ್ಟೊ ನಿಜವಾಗಿ ನಂಬಿದ್ದಳೇ? ನೂರಾರು ಬಸುರಿಯರ ಹೊಟ್ಟೆ ಮುಟ್ಟಿದ ಕೈ ಅದು. ಕೆಲವು ದಿನ ನಂಬುತ್ತಿದ್ದಳು, ಕೆಲವು ದಿನ ಇಲ್ಲ. ನಂಬದ ದಿನಗಳಲ್ಲಿ, ದೋಷ ನನ್ನದೇ, ಈ ಕೂಸೊಂದು ಇಲ್ಲವೆಂದಾದರೆ ಇವನು ನನ್ನ ಬಳಿ ಯಾತಕ್ಕಿರಬೇಕು ಎಂದು ಅಂಜುತ್ತಿದ್ದಳು. ಹಾಗಾಗಿ ಮಾರನೆಯ ದಿನ ಇನ್ನಷ್ಟು ಗಟ್ಟಿಯಾಗಿ ನಂಬುತ್ತಿದ್ದಳು.

ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಚಳಿಗಾಲ ಹೊಟ್ಟೆ ದಪ್ಪಗಾಗತೊಡಗಿತು. ಆಗಾಗ ರಕ್ತವೂ ಹೋಗುತ್ತಿತ್ತು. ಹಮಾಮಿನ ಒಲೆ ನೋಡಿಕೊಳ್ಳುತ್ತಿದ್ದ ಗೆಳತಿ ತೂದಾ ಹೊಟ್ಟೆ ಮುಟ್ಟಿ ನೋಡಿ ಕೂಗಿಯೇಬಿಟ್ಟಳು.

"ಎದ್ದಿದಾನೆ ಕಣ್ರೇ! ಇಟ್ಟೊ ಮಗ ಎದ್ದಿದಾನೆ!"

"ಇಷ್ಟು ವರ್ಷ ಮಲಗಿದ್ದೋನು ಗಡ್ಡ ಬಿಟ್ಕೊಂಡೇ ಬರ್ತಾನೆ" ಎಂದಳು ಒಬ್ಬಳು.

"ಬರ್ಲಿ ಬಿಡೇ, ಬರ್ತಾನೇ ಲಾರಿ ಓಡಿಸ್ತಾನೆ" ಎಂದಳು ಇನ್ನೊಬ್ಬಳು. ಆವಿ ತುಂಬಿದ ಕೋಣೆಯಲ್ಲಿ ಹೆಂಗಸರೆಲ್ಲ ಮದುವೆಮನೆಯಲ್ಲಿ ಮಾಡುವ ಹಾಗೆ ನಾಲಿಗೆ ಹೊರಳಿಸಿ ಉಲಿದರು. ಮಾರನೆಯ ದಿನ ಇಟ್ಟೊಳ ಕೈಗೆ ಮದರಂಗಿ ಹಚ್ಚಿದರು. ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಜಾಯಿದ್ ಮಾತ್ರ ಆ ಕೈ ನೋಡಿ ಬಿಳಿಚಿಕೊಂಡ. "ಆಸ್ಪತ್ರೆಗೆ ಹೋಗೋಣ. ಹೊಟ್ಟೆ ಒಳಗೆ ನೋಡೋ ಯಂತ್ರ ಬಂದಿದ್ಯಂತೆ."

"ಮಲಗಿದ್ದಾಗ ಕೇಳ್ಲಿಲ್ಲ, ಎದ್ದಾಗ ಯಂತ್ರ ಬೇಕಾಯ್ತಾ ನಿನಗೆ?" ಎಂದು ಅವಳು ರೊಟ್ಟಿ ಹಿಟ್ಟನ್ನು ಗುದ್ದಿದಳು.

ಅವನು ಮಸೀದಿಯ ಗುರು ಅಲ್ಲಾಲ್ ಅವರನ್ನೇ ಮನೆಗೆ ಕರೆತಂದ. ಅಂದು ತಾಯಿತ ಬರೆದವರ ಮಗ ಅವರು. ಇವರಾದರೂ ನನ್ನ ಪರ ಎಂದುಕೊಂಡು ಇಟ್ಟೊ ಚಹಾಕ್ಕೆ ಇನ್ನೊಂದು ಹಿಡಿ ಪುದೀನ ಹಾಕಿದಳು.

"ಗ್ರಂಥದಲ್ಲಿ ಬರ್ದಿದೆ ಅಲ್ವಾ, ಗುರುಗಳೇ?"

"ಬರ್ದಿದೆ ತಾಯಿ" ಎಂದರು ಗುರುಗಳು. "ಆದ್ರೆ ನಮ್ಮ ಹಿರಿಯರು ಹೊಟ್ಟೆ ಒಳಗೆ ನೋಡಿ ಬರೆದದ್ದಲ್ಲ ಅದು. ಗಂಡ ಸತ್ತು ವರ್ಷಗಳಾದ್ಮೇಲೆ ಬಸುರಾದ ವಿಧವೆ ಮನೆ ಮುಂದೆ ಕಲ್ಲು ಹಿಡ್ಕೊಂಡು ನಿಂತೋರನ್ನ ನೋಡಿ ಬರೆದದ್ದು. ಕಲ್ಲು ಕೆಳಗಿಳೀಲಿ ಅಂತ. ಹೊಟ್ಟೆ ವಿಷಯ ಡಾಕ್ಟರನ್ನ ಕೇಳು."

"ಹಾಗಾದ್ರೆ ನಿಮ್ಮಪ್ಪ ಬರೆದ ತಾಯಿತ?"

ಗುರುಗಳು ಲೋಟ ಕೆಳಗಿಟ್ಟರು. "ನಮ್ಮಪ್ಪ ಕೇಳಿದವರಿಗೆಲ್ಲ ಬರ್ಕೊಡ್ತಿದ್ರು. ಇಲ್ಲ ಅನ್ನೋಕೆ ಬರ್ತಿರ್ಲಿಲ್ಲ ಅವರಿಗೆ."

ಗುರುಗಳೇ ಹೇಳಿದ ಮೇಲೆ ಹೋಗದೆ ಗತಿಯಿರಲಿಲ್ಲ. ಆಸ್ಪತ್ರೆಯಲ್ಲಿ ರಾಜಧಾನಿ ರಬಾತ್‌ನಿಂದ ಬಂದ ಗೀಸ್ಲಾನ್ ಎಂಬ ಡಾಕ್ಟರ್ ಹುಡುಗಿ ಇದ್ದಳು. ತಣ್ಣನೆಯ ಅಂಟು ಹಚ್ಚಿ, ಹೊಟ್ಟೆಯ ಮೇಲೆ ಯಂತ್ರದ ಹಿಡಿ ಆಡಿಸಿದಳು. ಪರದೆಯ ಬೂದು ಮಬ್ಬಿನಲ್ಲಿ ಇಟ್ಟೊಗೆ ದುಂಡಗಿನದೊಂದು ಕಂಡಿತು.

"ಅಗೋ, ತಲೆ!"

"ತಲೆ ಅಲ್ಲ ಚಿಕ್ಕಮ್ಮ, ಗಡ್ಡೆ. ಮಗು ಇಲ್ಲ ಇಲ್ಲಿ. ಇದನ್ನ ಬೇಗ ತೆಗೀಬೇಕು. ಗರ್ಭಕೋಶದ ಸಮೇತ ತೆಗೀಬೇಕಾಗತ್ತೆ. ಬಿಟ್ರೆ ಜೀವಕ್ಕೇ ಅಪಾಯ."

"ನಿನಗೆ ಮದುವೆ ಆಗಿದ್ಯಾ ಮಗಳೇ?"

"ಇಲ್ಲ."

"ಹಾಗಾದ್ರೆ ನಿನಗೇನು ಗೊತ್ತು?" ಎಂದು ಇಟ್ಟೊ ಎದ್ದು ಬಟ್ಟೆ ಸರಿಮಾಡಿಕೊಂಡು ಹೊರಗೆ ನಡೆದಳು.

ಅಂಗಳದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಇಟ್ಟೊ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. "ಕುಯ್ಸಲ್ಲ ನಾನು. ಸತ್ರೆ ಇಬ್ರೂ ಒಟ್ಟಿಗೇ ಸಾಯ್ತೀವಿ. ಎದ್ದ ಮಗೂನ ಕತ್ತರಿಸಿ ಬಿಸಾಕೋಕೆ ನಾನೇನು ರಾಕ್ಷಸೀನಾ?"

ಜಾಯಿದ್ ತನ್ನ ಬೂಟನ್ನೇ ನೋಡುತ್ತಾ ಹೇಳಿದ: "ಅದು ಮಗು ಅಲ್ಲ, ಇಟ್ಟೊ."

"ನೀನೂ ಆ ಹುಡುಗಿ ಕಡೆ ಸೇರ್ಕೊಂಡ್ಯಾ?"

"ಅವಳು ಹೇಳೋಕೆ ಮುಂಚೇನೇ ನನಗೆ ಗೊತ್ತಿತ್ತು. ಮೊದಲ್ನೇ ಸಲ ರಜೆಗೆ ಬಂದು ಹೋದೆನಲ್ಲ, ವಾಪಸ್ ಹೋದ್ಮೇಲೆ ಗಣಿ ಡಾಕ್ಟರ್ ಹತ್ರ ಹೋಗಿ ಔಷಧ ಕೇಳ್ದೆ. ಮಲಗಿರೋ ಕೂಸನ್ನ ಎಬ್ಬಿಸೋ ಔಷಧ. ನಮ್ಮೂರಿನೋನೇ ಒಬ್ಬ ಅವರ ಭಾಷೇಲಿ ಹೇಳ್ದ. ಡಾಕ್ಟರ್ ನಕ್ಕ. ಆಮೇಲೆ ನಗು ನಿಲ್ಸಿ ನನ್ನನ್ನೇ ಪರೀಕ್ಷೆ ಮಾಡ್ದ. ಮೀಸೆ ಬರೋ ವಯಸ್ಸಲ್ಲಿ ನನಗೆ ಮಂಗನಬಾವು ಬಂದಿತ್ತು. ಆವಾಗ್ಲೇ ಎಲ್ಲಾ ಸುಟ್ಟುಹೋಗಿತ್ತಂತೆ. ನನ್ನಿಂದ ಮಗು ಆಗೋದು ಸಾಧ್ಯಾನೇ ಇರ್ಲಿಲ್ಲ. ಆವಾಗ್ಲೂ ಇಲ್ಲ, ಈಗ್ಲೂ ಇಲ್ಲ."

ಇಟ್ಟೊಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. "ಹಾಗಾದ್ರೆ ನನ್ನ ಹೊಟ್ಟೇಲಿರೋದು ಯಾರ್ದು ಅಂದ್ಕೊಂಡಿದ್ದೆ ಇಷ್ಟು ದಿನ?"

"ಒಂದು ಚಳಿಗಾಲ ಪೂರ್ತಿ ಅದನ್ನೇ ಯೋಚಿಸ್ದೆ. ಭೂಮಿ ಒಳಗೆ, ಕತ್ತಲಲ್ಲಿ. ಹುಚ್ಚು ಹಿಡಿಯೋ ಹಾಗಾಯ್ತು. ಆಮೇಲೆ ನಿನ್ನ ಮುಖ ನೆನಪಾಯ್ತು. ಯಾರ್ದೂ ಅಲ್ಲ, ಏನೂ ಇಲ್ಲ ಅಂತ ಗೊತ್ತಾಯ್ತು."

"ಗೊತ್ತಿದ್ದೂ ಮಗು ಮಲಗಿದೆ ಮಲಗಿದೆ ಅಂತ ಊರಿಗೆಲ್ಲ ಹೇಳ್ದೆ. ನಾನು ನನ್ನದೇ ದೋಷ ಅಂತ ದಿನಾ ಸತ್ತೆ ಕಣೋ. ನೀನು ಇವತ್ತು ಬಿಡ್ತೀಯೋ ನಾಳೆ ಬಿಡ್ತೀಯೋ ಅಂತ ನಿದ್ದೆಗೆಟ್ಟೆ. ಒಂದು ಮಾತು ಹೇಳಿದ್ರೆ ನಾನು ತಲಾಖ್ ಕೇಳಿ ಇನ್ನೊಬ್ಬನನ್ನ ಕಟ್ಕೊಳ್ತಿದ್ದೆ. ಈ ಸೊಂಟಕ್ಕೆ ಎಂಟು ಮಕ್ಕಳು ಹೆರೋ ಶಕ್ತಿ ಇತ್ತು, ಎಂಟು!"

"ಅದಕ್ಕೇ ಹೇಳ್ಲಿಲ್ಲ" ಎಂದ ಜಾಯಿದ್.

ಅವಳು ಅವನನ್ನು ನೋಡಿದಳು. ಬಿಳಿ ಗಡ್ಡ, ಕಲ್ಲಿದ್ದಲ ಕಪ್ಪು ಇನ್ನೂ ಚರ್ಮದೊಳಗೆ ಕೂತಿರುವ ಕೈ. ತಾನು ಅಂಜಿದಷ್ಟೇ ಇವನೂ ಪಕ್ಕದ ದಿಂಬಿನ ಮೇಲೆ ಮಲಗಿ ಅಂಜಿದ್ದಾನೆ. ಕೆನ್ನೆಗೆ ಬಾರಿಸಬೇಕೆನಿಸಿತು. ಹೊಡೆದರೆ ಆಮೇಲೆ ಅಪ್ಪಿಕೊಂಡು ಬಿಡುತ್ತೇನೆಂದು ಹೆದರಿ ಸುಮ್ಮನಾದಳು.

"ಒಳಗೆ ಹೋಗು" ಎಂದಳು ಕೊನೆಗೆ. "ಯಾವತ್ತು ಕುಯ್ತಾರೆ ಅಂತ ಕೇಳ್ಕೊಂಡ್ ಬಾ. ನಿನ್ನ ಮುಖ ನೋಡ್ಕೊಂಡು ಇಲ್ಲಿ ಕೂತಿರೋಕೆ ನನ್ನ ಕೈಲಿ ಆಗಲ್ಲ."

ಅವನು ಹೋದ ಮೇಲೆ ಇಟ್ಟೊ ಬಾಯಿಗೆ ತಲೆವಸ್ತ್ರದ ಅಂಚು ತುರುಕಿಕೊಂಡು ಅತ್ತಳು. ಇಪ್ಪತ್ತೇಳು ವರ್ಷ ಆ ಕೂಸು ಸತ್ತಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಹಾಗಾಗಿ ಅವಳು ಒಮ್ಮೆಯೂ ಅತ್ತಿರಲಿಲ್ಲ.