ಕೋಟು ತೊಟ್ಟ ಕಾಶಿಬಾಯಿ

ಹುಮನಾಬಾದಿನಲ್ಲಿ ಬಸ್ಸಿಳಿದ ದಿನ ನನಗೆ ಕನ್ನಡವೇ ಅರ್ಥವಾಗಲಿಲ್ಲ. ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಮನೆ ವಿಚಾರಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು, “ಖೋಲಿ ಬೇಕೇನ್ರಿ?” ಎಂದರು. ಕೋಳಿ ಮಾರುತ್ತಿದ್ದಾರೆಂದುಕೊಂಡು ಬೇಡ ಅಂದುಬಿಟ್ಟೆ. ಖೋಲಿ ಅಂದರೆ ಇಲ್ಲಿ ಕೋಣೆ. ಕೊನೆಗೆ ನಾನೂ ರೇಖಾಳೂ ಅವರ ಖೋಲಿಯಲ್ಲೇ ಉಳಿದೆವು.

ನಾನು ಕೊಳ್ಳೇಗಾಲದವಳು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರೇಖಾ ಬಸವಕಲ್ಯಾಣದ ಶಾಲೆಯೊಂದರಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಾಲೇಜಿನ ದಿನಗಳಿಂದ ನಾವು ಜೊತೆಗಿದ್ದೇವೆ, ಗಂಡ ಹೆಂಡತಿ ಇರುವ ಹಾಗೆ. ಮನೆಯೊಡತಿಗೆ ಮಾತ್ರ ಅಕ್ಕ ತಂಗಿ ಎಂದಿದ್ದೆವು. ಊರಲ್ಲಿ ಮುದ್ದೆ ತಿರುವುತ್ತಿದ್ದ ಕೈಗೆ ಇಲ್ಲಿ ಜೋಳದ ರೊಟ್ಟಿ ಬಡಿಯುವುದು ಬೇಗ ಒಗ್ಗಲಿಲ್ಲ. ಮೊದಲ ಸಲ ರೊಟ್ಟಿ ಹರಿಯದೆ ಹಂಚಿಗೆ ಬಿದ್ದಾಗ ರೇಖಾ ಚಪ್ಪಾಳೆ ತಟ್ಟಿದ್ದಳು.

ಆಸ್ಪತ್ರೆಯ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಬಜಾರಿನ ಹಳೆಯ ಸ್ಟುಡಿಯೋಗೆ ಹೋದರೆ ಅದರ ಮಾಲೀಕ ರಶೀದ್ ಚಾಚಾ ಅಂಗಡಿ ಖಾಲಿ ಮಾಡುತ್ತಿದ್ದರು. ಯಾರೂ ಒಯ್ಯದೆ ಉಳಿದ ಫೋಟೋಗಳು ಒಂದು ಡಬ್ಬಿಯ ತುಂಬ ಇದ್ದವು. ಒಂದರಲ್ಲಿ ಸೀರೆಯುಟ್ಟವಳೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿದ ಎಳೆಯ ಮುಖದವರೊಬ್ಬರು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

“ಹೊಸದಾಗಿ ಮದುವೆಯಾದವರಾ?” ಅಂದೆ.

“ಅಲ್ಲ ಬೇಟಿ, ಇಬ್ಬರೂ ಹೆಣ್ಮಕ್ಕಳೇ. ಕೋಟು ನಮ್ಮ ದುಕಾನಿಂದು. ನಮ್ಮ ಅಬ್ಬಾ ತೆಗೆದದ್ದು, ನಾ ಆಗ ಹುಡುಗ. ಕೂತಾಕಿ ದುಬಲಗುಂಡಿ ರತ್ನಾಬಾಯಿ. ನಿಂತಾಕಿ ಯಾರೋ ಏನೋ.”

ನಾನು ಫೋಟೋ ಕೆಳಗಿಡಲಿಲ್ಲ. ನಮ್ಮಂಥವರು ನಮಗಿಂತ ಮುಂಚೆಯೂ ಇದ್ದರು ಎಂಬುದಕ್ಕೆ ಅಲ್ಲಿಯವರೆಗೆ ನನ್ನ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಚಾಚಾ ನನ್ನ ಮುಖ ನೋಡಿ, “ರತ್ನಾಬಾಯಿ ಇನ್ನಾ ಅದಾಳಂತ. ನನಗ ಬಸ್ ಹತ್ತಾಕ ಆಗಲ್ಲ, ನೀನೇ ಕೊಟ್ಟು ಬಾ,” ಅಂದರು.

ರಜೆಯ ದಿನ ಒಬ್ಬಳೇ ದುಬಲಗುಂಡಿಗೆ ಹೋದೆ. ಕೂಲಿಯಲ್ಲೇ ಬದುಕು ಕಳೆದ ರತ್ನಾಬಾಯಿ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಕಾಶಿಬಾಯಿ,” ಅಂದರು. “ಈಕಿದು ಒಂದೂ ಫೋಟೋ ಇರಲಿಲ್ಲ ಯವ್ವಾ. ಮಾರಿ ಮರತೇ ಹೋಗಾಕತ್ತಿತ್ತು.”

ಆಮೇಲೆ ಅವರೇ ಹೇಳಿದರು. ಫೋಟೋ ತೆಗೆಸಿದ ವಾರವೇ ಕಾಶಿಬಾಯಿಯನ್ನು ಅವಳ ಅಣ್ಣಂದಿರು ಎಳೆದೊಯ್ದು ಮಂಠಾಳದವನಿಗೆ ಮದುವೆ ಮಾಡಿಕೊಟ್ಟರು. ಫೋಟೋ ತರುವುದು ಯಾರಿಗೆ ನೆನಪಿದ್ದೀತು? “ಮುಂದಿನ ಸುಗ್ಗಿಗಿ ಓಡಿ ಬಂದಳು. ಆಮ್ಯಾಗ ಸಾಯೋತನಕ ಇಲ್ಲೇ ಇದ್ದಳು. ಕೇಳಿದವರಿಗಿ ಕಾಕಾನ ಮಗಳು ಅಂತ ಹೇಳತಿದ್ದೆ.”

ಪಕ್ಕದ ಮನೆಯ ಹೆಂಗಸು ಇಣುಕಿ, “ಯಾರ ಫೋಟೋ ಆಯಿ? ನಿಮ್ಮ ಕಾಕಾನ ಮಗಳದೇನು?” ಅಂದಳು.

ರತ್ನಾಬಾಯಿ ತಲೆಯೆತ್ತಿದರು. “ಕಾಕಾನ ಮಗಳಲ್ಲ. ಆಕಿ ನನ್ನ ಮನಿಯಾಕಿ.”

ಗಂಡಸರು ಹೆಂಡತಿಗೆ ಹೇಳುವ ಮಾತು ಅದು. ಆ ಹೆಂಗಸು ಮೊರ ಪಕ್ಕಕ್ಕೆ ಸರಿಸಿ, ಫೋಟೋ ಇಸಿದುಕೊಂಡು ನೋಡಿದಳು. “ಕೋಟಿನ್ಯಾಗ ಚಂದ ಕಾಣತಾಳ,” ಅಂದಳು. ಅಷ್ಟೇ.

“ನಿನಗ ಯಾರದಾರ ಯವ್ವಾ?” ರತ್ನಾಬಾಯಿ ಕೇಳಿದರು.

“ಇದಾಳೆ. ರೇಖಾ ಅಂತ. ಕಲ್ಯಾಣದಲ್ಲಿ ಟೀಚರ್.” ಇನ್ನೊಬ್ಬರ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಒಬ್ಬಾಕಿನೇ ಯಾಕ ಬಂದಿ? ಕರಕೊಂಡ ಬಾ.”

ಈಗ ನಾವು ಆಗಾಗ ಹೋಗುತ್ತೇವೆ. ಗೋಡೆಯ ಮೇಲೆ ಬುದ್ಧನ ಚಿತ್ರದ ಪಕ್ಕ ಕಾಶಿಬಾಯಿ ಇದ್ದಾಳೆ. ಕೊಳ್ಳೇಗಾಲಕ್ಕೆ ಮಾತ್ರ ನಾನೊಬ್ಬಳೇ ಹೋಗುತ್ತೇನೆ. ಅಲ್ಲಿ ಅವ್ವ ಇದ್ದಾಳೆ, ಮುದ್ದೆಯಿದೆ, ಯೋಚಿಸದೆ ಆಡುವ ನನ್ನ ಮಾತಿದೆ, ರೇಖಾ ಇಲ್ಲ.

ಯುಗಾದಿಗೆ ಹೋಗಿದ್ದಾಗ ಊಟಕ್ಕೆ ಕೂತಿದ್ದೆ, ಫೋನ್ ಬಂತು. ರೇಖಾ ದುಬಲಗುಂಡಿಯಲ್ಲಿದ್ದಳು. ರತ್ನಾಬಾಯಿ ಅವಳಿಂದ ಫೋನ್ ತೆಗೆದುಕೊಂಡು, “ಊರಿಗಿ ಯಾವಾಗ ಬರತಿ?” ಎಂದು ಜೋರಾಗಿ ಕೇಳಿದರು. “ನಾಳಿ ಹೊಂಡತೀನಿ ಆಯಿ,” ಅಂದೆ.

ಸಾರು ಬಡಿಸುತ್ತಿದ್ದ ಅವ್ವ ಸೌಟು ಹಿಡಿದೇ ನಿಂತಳು. “ಯಾರು ಅದು?”

“ಊರಿಂದ, ಅವ್ವ.”

“ಇದಲ್ವಾ ನಿನ್ನೂರು?”

“ಇದೂ ಹೌದು,” ಅಂದೆ.